ಹೆಸರು ಒಂದೇ, ಮನೆ ಬೇರೆ

ಮಕ್ಕಳೇ, ನಿಮ್ಮ ತರಗತಿಯಲ್ಲಿ ಒಂದೇ ಹೆಸರಿನವರು ಇಬ್ಬರಿದ್ದಾರೆಯೇ? ಇದ್ದರೆ ಮಾಸ್ತರರು ಏನು ಮಾಡುತ್ತಾರೆ? ಇನಿಷಿಯಲ್ ಸೇರಿಸಿ ಕರೆಯುತ್ತಾರೆ. ಗೆಳೆಯರಾದರೆ ‘ಉದ್ದ ಬಸ್ಯಾ, ಗಿಡ್ಡ ಬಸ್ಯಾ’ ಎಂದು ಮುಗಿಸಿಬಿಡುತ್ತಾರೆ. ನಮ್ಮ ಶಿರಹಟ್ಟಿಯಲ್ಲಿ ಈ ಪಜೀತಿ ಸ್ವಲ್ಪ ಹೆಚ್ಚು. ಇಲ್ಲಿ ಫಕ್ಕೀರೇಶ್ವರ ಮಠವಿದೆ. ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುವ ಮಠ. ಹೀಗಾಗಿ ಸುತ್ತಲಿನ ಹಳ್ಳಿಗಳಲ್ಲಿ ಫಕ್ಕೀರಪ್ಪ, ಫಕ್ಕೀರವ್ವ, ಫಕ್ಕೀರೇಶ, ಫಕ್ಕೀರಸಾಬ ಎಂಬ ಹೆಸರು ಓಣಿಗೆ ನಾಲ್ಕು. ಸಂತೆಯಲ್ಲಿ ನಿಂತು ‘ಫಕ್ಕೀರಪ್ಪಾ’ ಎಂದು ಕೂಗಿ ನೋಡಿ, ಹತ್ತು ಮಂದಿ ತಿರುಗುತ್ತಾರೆ.

ಈ ವಾರದ ಮಾತು ಕಂಪ್ಯೂಟರಿನ ಟೇಬಲ್ ಕುರಿತು. ಊಟದ ಟೇಬಲ್ ಅಲ್ಲ, ಮಾಹಿತಿ ಇಡುವ ಕೋಷ್ಟಕ. ಅದಕ್ಕೂ ಫಕ್ಕೀರಪ್ಪನಿಗೂ ಏನು ಸಂಬಂಧ ಎನ್ನುವಿರಾ? ಸಂಬಂಧವೇ ಇಂದಿನ ಪಾಠ.

ಮೊಮ್ಮಗನ ಮದುವೆ ನಿಶ್ಚಯವಾಯಿತು. ನಿಶ್ಚಯವಾದ ಮರುದಿನವೇ ನನ್ನಾಕೆ ಟ್ರಂಕ್ ತೆಗೆದು ಮೂರು ಮುಯ್ಯಿ ಪುಸ್ತಕ ಹೊರಗಿಟ್ಟಳು. ಪಟ್ಟಣದ ಮಕ್ಕಳಿಗೆ ಮುಯ್ಯಿ ಎಂದರೇನೆಂದು ಹೇಳಬೇಕು. ಮದುವೆ, ಮನೆ ಪ್ರವೇಶದಂಥ ಕಾರ್ಯಕ್ಕೆ ಬಂದವರು ಕೈಲಾದಷ್ಟು ರೊಕ್ಕವೋ ಪಾತ್ರೆಯೋ ಬಟ್ಟೆಯೋ ಕೊಡುತ್ತಾರೆ. ಒಬ್ಬರು ಕುಳಿತು ಅದನ್ನೆಲ್ಲ ಬರೆದುಕೊಳ್ಳುತ್ತಾರೆ. ಮುಂದೆ ಅವರ ಮನೆಯಲ್ಲಿ ಕಾರ್ಯವಾದಾಗ ನಾವು ಹೋಗಿ ಅಷ್ಟಾದರೂ ತಿರುಗಿ ಮಾಡಬೇಕು. ಅದು ಸಾಲವಲ್ಲ, ಆದರೆ ಮರೆತರೆ ಸಾಲಕ್ಕಿಂತ ಭಾರ. ನಮ್ಮ ಮೂರು ಪುಸ್ತಕಗಳಲ್ಲಿ ಒಂದು 1976ರದು, ನಮ್ಮದೇ ಮದುವೆಯದು. ಎರಡನೆಯದು 1997ರದು, ಮಗನ ಮದುವೆ. ಮೂರನೆಯದು 2008ರದು, ಮನೆ ಪ್ರವೇಶ. ನಾವು ಬೇರೆಯವರಿಗೆ ಮಾಡಿದ್ದನ್ನು ಇವೇ ಪುಸ್ತಕಗಳ ಹಿಂದಿನ ಹಾಳೆಗಳಲ್ಲಿ ಬರೆದಿದ್ದೆವು.

ಹತ್ತನೇ ತರಗತಿಯ ಮೊಮ್ಮಗಳು ರಜೆಗೆ ಬಂದಿದ್ದಳು. ‘ಅಜ್ಜಾ, ಇದನ್ನೆಲ್ಲ ಕಂಪ್ಯೂಟರಿಗೆ ಹಾಕೋಣು. ಯಾರಿಗೆ ಪತ್ರಿಕಿ ಕೊಡಬೇಕು, ಯಾರದು ಬಾಕಿ ಐತಿ, ಎಲ್ಲಾ ಒಂದೇ ಸರ್ತಿಗೆ ಸಿಗತೈತಿ’ ಎಂದಳು. ಎರಡು ದಿನ ಕುಳಿತು ಎಕ್ಸೆಲ್ಲಿನಲ್ಲಿ ಒಂದೇ ಉದ್ದನೆಯ ಹಾಳೆ ಮಾಡಿದಳು. ಹೆಸರು, ಊರು, ಮೊಬೈಲ್, ಯಾವ ಕಾರ್ಯ, ಎಷ್ಟು. ನೋಡಲು ಚೆಂದವಿತ್ತು. ನನ್ನ ಕಣ್ಣು ಮಾತ್ರ ಹಳೆಯ ಗುಮಾಸ್ತನದು, ತಪ್ಪನ್ನೇ ಮೊದಲು ಹುಡುಕುತ್ತದೆ.

ಒಂದು: ಒಬ್ಬನೇ ಮನುಷ್ಯ ಮೂರು ಕಾರ್ಯಕ್ಕೆ ಬಂದಿದ್ದರೆ ಅವನ ಹೆಸರು, ಊರು, ಮೊಬೈಲ್ ಮೂರು ಸಲ ಬರೆದಿತ್ತು. ಮೊಬೈಲ್ ಬದಲಾದರೆ ಮೂರೂ ಕಡೆ ತಿದ್ದಬೇಕು. ಎರಡು ಕಡೆ ತಿದ್ದಿ ಒಂದು ಕಡೆ ಬಿಟ್ಟರೆ ಯಾವುದು ನಿಜವೋ ಯಾರಿಗೆ ಗೊತ್ತು? ಎರಡು: ಒಂದು ಕಡೆ ‘ಫಕೀರಪ್ಪ’, ಇನ್ನೊಂದು ಕಡೆ ‘ಫಕ್ಕೀರಪ್ಪ’. ಒಂದು ಒತ್ತಕ್ಷರದ ಅಂತರಕ್ಕೆ ಕಂಪ್ಯೂಟರ್ ಇವರನ್ನು ಇಬ್ಬರೆಂದು ಎಣಿಸುತ್ತದೆ. ಮೂರು: ಇಬ್ಬರು ಬೇರೆ ಫಕ್ಕೀರಪ್ಪರನ್ನು ಒಂದೇ ರೀತಿ ಬರೆದಿದ್ದರೆ ಅದೇ ಕಂಪ್ಯೂಟರ್ ಅವರನ್ನು ಒಬ್ಬನೆನ್ನುತ್ತದೆ. ನಾಲ್ಕು: ಕೆಲವು ಕಡೆ ಅವಳು ‘51’ ಎಂದು ಬರೆದಿದ್ದಳು, ಕೆಲವು ಕಡೆ ‘51 ರೂ.’ ಎಂದು. ‘ರೂ.’ ಸೇರಿದ ಕೂಡಲೇ ಎಕ್ಸೆಲ್ಲಿಗೆ ಅದು ಅಂಕಿಯಲ್ಲ, ಅಕ್ಷರ. ಮೊತ್ತ ಕೂಡಿಸುವಾಗ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ.

‘ಮೂರನೇದ್ದು ನೋಡು, ಅದು ಎಲ್ಲಾಕಿಂತ ಕೆಟ್ಟದ್ದು’ ಎಂದೆ. ಯಾಕೆಂದು ಅವಳು ಕೇಳಿದಳು. ಮನೆಯಲ್ಲಿ ಯಾರಿಗೂ ಹೇಳದ ಒಂದು ಕಥೆಯನ್ನು ಆ ಸಂಜೆ ಅವಳಿಗೆ ಹೇಳಿದೆ. ನಿಮಗೂ ಹೇಳುತ್ತೇನೆ.

1983ರ ಮಾತು. ನಾನು ಆಗ ಬ್ಯಾಂಕೊಂದರ ಶಾಖೆಯಲ್ಲಿ ಉಳಿತಾಯ ಖಾತೆಯ ಲೆಡ್ಜರ್ ನೋಡಿಕೊಳ್ಳುತ್ತಿದ್ದೆ. ಒಬ್ಬ ಹೆಣ್ಣುಮಗಳು ಹತ್ತಿ ಮಾರಿದ ರೊಕ್ಕ 1,800 ರೂಪಾಯಿ ತುಂಬಿ ಹೋದಳು. ಅವಳ ಚಲನ್ ಬರೆದುಕೊಟ್ಟವರು ಖಾತೆ ಸಂಖ್ಯೆ ಬರೆದಿರಲಿಲ್ಲ. ಹೆಸರು ಫಕ್ಕೀರವ್ವ, ಊರು ಇಂಥದ್ದು, ಅಷ್ಟೇ. ಗದ್ದಲದ ದಿನ. ನಾನು ಹೆಸರಿನ ಸೂಚಿ ತೆಗೆದೆ, ಮೊದಲು ಕಂಡ ಫಕ್ಕೀರವ್ವನ ಪುಟ ತಿರುವಿದೆ, ಜಮಾ ಬರೆದೆ. ಸಂಜೆ ಮೊತ್ತಗಳೆಲ್ಲ ತಾಳೆಯಾದವು. ನೆಮ್ಮದಿಯಿಂದ ಮನೆಗೆ ಹೋದೆ.

ಮೂರು ವಾರದ ಮೇಲೆ ಆಕೆ ಮಗಳ ಮದುವೆಗೆಂದು ರೊಕ್ಕ ತೆಗೆಯಲು ಬಂದಳು. ಲೆಡ್ಜರ್ ನೋಡಿ, ‘ನಿನ್ನ ಖಾತೇದಾಗ ಅಷ್ಟು ಇಲ್ಲಬೇ’ ಎಂದೆ. ಆಕೆ ಸೆರಗಿನ ಗಂಟು ಬಿಚ್ಚಿ ರಸೀದಿ ತೋರಿಸಿದಳು. ಅದರ ಮೇಲೆ ನಮ್ಮದೇ ಮುದ್ರೆಯಿತ್ತು. ಆದರೂ ನಾನು ತಪ್ಪೊಪ್ಪಲಿಲ್ಲ. ನಾಳೆ ಬಾ ಎಂದೆ. ಆ ಊರಿನಲ್ಲಿ ಅದೇ ಹೆಸರಿನ ಇನ್ನೊಬ್ಬಾಕೆ ಇದ್ದಾಳೆ, ರೊಕ್ಕ ಅವಳ ಪುಟದಲ್ಲಿ ಕುಳಿತಿದೆ ಎಂದು ಕಂಡುಹಿಡಿಯಲು ಎರಡು ದಿನ ಬೇಕಾಯಿತು. ಆ ಎರಡು ದಿನದಲ್ಲಿ ಆಕೆ ತನ್ನ ಬೋರಮಾಳ ಒತ್ತೆಯಿಟ್ಟು ಬಟ್ಟೆಯ ಅಂಗಡಿಗೆ ರೊಕ್ಕ ಕೊಟ್ಟಿದ್ದಳು. ಮೂರನೆಯ ದಿನ ಹಣ ಎಣಿಸಿ ಕೊಟ್ಟಾಗ ಆಕೆ ಬೈಯಲಿಲ್ಲ. ಒಂದೇ ಮಾತು ಕೇಳಿದಳು: ‘ಹೆಸರು ಒಂದ ಆದ್ರ ಮನೀನೂ ಒಂದ ಏನ್ರೀ ಸಾಹೇಬ್ರ?’

ಬಿ.ಕಾಂ. ಓದಿದ ನನಗೆ ಉತ್ತರವಿರಲಿಲ್ಲ. ತಾಳೆಯಾದದ್ದೆಲ್ಲ ಸರಿಯಲ್ಲ ಎಂಬುದನ್ನು ಕಾಲೇಜಿನಲ್ಲಿ ಓದಿದ್ದೆ, ಕಲಿತದ್ದು ಅಂದು. ಒಬ್ಬರ ಹಣ ಇನ್ನೊಬ್ಬರ ಪುಟಕ್ಕೆ ಹೋದರೂ ಒಟ್ಟು ಮೊತ್ತ ಸರಿಯಾಗಿಯೇ ಬರುತ್ತದೆ. ಅದಕ್ಕೇ ಖಾತೆಗೆ ಸಂಖ್ಯೆ ಇರುವುದು. ಸಂಖ್ಯೆ ಕೇಳದೆ ಹೆಸರು ನಂಬಿದ್ದು ನನ್ನ ತಪ್ಪು.

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಜ್ಜಾ, ಇದಕ್ಕ ನಮ್ಮ ಐಟಿ ಪುಸ್ತಕದಾಗ ಪ್ರೈಮರಿ ಕೀ ಅಂತಾರ’ ಎಂದಳು. ಅಲ್ಲಿಂದ ಪಾಠ ತಿರುಗಿತು. ಅವಳು ಗುರು, ನಾನು ಶಿಷ್ಯ.

ಅವಳು ಹೇಳಿದ್ದಿಷ್ಟು. 1970ರಲ್ಲಿ ಅಮೆರಿಕದ ಐಬಿಎಂ ಕಂಪನಿಯಲ್ಲಿದ್ದ ಎಡ್ಗರ್ ಕಾಡ್ ಎಂಬ ಗಣಿತಜ್ಞ ಒಂದು ಲೇಖನ ಬರೆದ. ಆತ ಇಂಗ್ಲೆಂಡಿನಲ್ಲಿ ಹುಟ್ಟಿದವನು, ಎರಡನೇ ಮಹಾಯುದ್ಧದಲ್ಲಿ ವಿಮಾನ ಹಾರಿಸಿದವನು. ಮಾಹಿತಿಯನ್ನೆಲ್ಲ ಸರಳ ಕೋಷ್ಟಕಗಳಲ್ಲಿ ಇಡಬಹುದು, ಒಂದು ಕೋಷ್ಟಕದ ಸಾಲನ್ನು ಇನ್ನೊಂದರ ಸಾಲಿಗೆ ಬರಿಯ ಮೌಲ್ಯದಿಂದಲೇ, ಎಂದರೆ ಒಂದು ಸಂಖ್ಯೆಯಿಂದಲೇ ಜೋಡಿಸಬಹುದು ಎಂಬುದು ಅವನ ವಿಚಾರ. ಇದಕ್ಕೇ ರಿಲೇಷನಲ್ ಡೇಟಾಬೇಸ್ ಎನ್ನುತ್ತಾರೆ. 1981ರಲ್ಲಿ ಅವನಿಗೆ ಕಂಪ್ಯೂಟರ್ ಲೋಕದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು. ಆ ಲೇಖನದ ತಲೆಬರಹದಲ್ಲಿ ‘ಡೇಟಾ ಬ್ಯಾಂಕ್’ ಎಂಬ ಪದವಿದೆಯೆಂದು ಕೇಳಿ ನನಗೆ ಒಳಗೊಳಗೇ ಖುಷಿಯಾಯಿತು.

ನಾವು ಲಿಬ್ರೆ ಆಫೀಸ್ ಬೇಸ್ ಎಂಬ ತಂತ್ರಾಂಶ ಹಾಕಿಕೊಂಡೆವು. ಇದಕ್ಕೆ ರೊಕ್ಕ ಕೊಡಬೇಕಿಲ್ಲ. ಹೊಸ ಡೇಟಾಬೇಸ್ ತೆರೆದು, ಹೆಸರಿಟ್ಟು ಉಳಿಸಿ, ‘ಕ್ರಿಯೇಟ್ ಟೇಬಲ್ ಇನ್ ಡಿಸೈನ್ ವ್ಯೂ’ ಒತ್ತಿದರೆ ಖಾಲಿ ಚೌಕಟ್ಟು ಬರುತ್ತದೆ. ಇಲ್ಲಿ ಮೊದಲು ಮಾಹಿತಿ ತುಂಬುವುದಿಲ್ಲ. ಯಾವ ಯಾವ ಕಲಮುಗಳು ಬೇಕು, ಪ್ರತಿ ಕಲಮಿನಲ್ಲಿ ಏನಿರಬೇಕು ಎಂದು ನಿಗದಿ ಮಾಡುತ್ತೇವೆ. ಅಂಕಿಯೇ, ಅಕ್ಷರವೇ, ದಿನಾಂಕವೇ? ಹೊಸ ಲೆಡ್ಜರಿಗೆ ಗೆರೆ ಹಾಕಿದಂತೆ. ಮೊತ್ತದ ಕಲಮು ಅಂಕಿಯದೆಂದು ಒಮ್ಮೆ ಹೇಳಿಬಿಟ್ಟರೆ, ಆಮೇಲೆ ‘51 ರೂ.’ ಎಂಬುದಕ್ಕೆ ಅಲ್ಲಿ ಜಾಗವಿಲ್ಲ.

ಮೊಬೈಲ್ ಸಂಖ್ಯೆಯನ್ನು ಅಂಕಿಯ ಕಲಮಾಗಿ ಮಾಡಲು ಹೊರಟವಳನ್ನು ನಾನು ತಡೆದೆ. ‘ಎರಡು ಮೊಬೈಲ್ ನಂಬರ ಕೂಡಿಸಿ ಏನ್ ಮಾಡ್ತೀ?’ ಕೂಡಿಸಿ ಕಳೆಯದ ಅಂಕಿಯನ್ನು ಅಕ್ಷರವಾಗಿಯೇ ಇಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದಿನ ಸೊನ್ನೆ ಹಾರಿಹೋಗುತ್ತದೆ.

ಮೊದಲ ಟೇಬಲ್ಲಿಗೆ ಅವಳು ‘ಮಂದಿ’ ಎಂದು ಹೆಸರಿಟ್ಟಳು. ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆ. ಮೆಂತ್ಯ ಸೊಪ್ಪು ಬಿಡಿಸುತ್ತ ಕುಳಿತಿದ್ದ ನನ್ನಾಕೆ ಅಲ್ಲಿಂದಲೇ ಹೇಳಿದಳು: ‘ಮುಯ್ಯಿ ಮನಷ್ಯಾಗ ಅಲ್ಲವಾ, ಮನಿಗೆ. 1976ರಾಗ ಅಪ್ಪ ಕೊಟ್ಟಿದ್ದ, 2008ರಾಗ ಮಗ ಕೊಟ್ಟಾನ. ಮನಿ ಒಂದೇ ಐತಿ.’ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಟೇಬಲ್ಲಿನ ಹೆಸರು ‘ಮನೆ’ ಎಂದಾಯಿತು. ಮಕ್ಕಳೇ, ನೆನಪಿಡಿ. ಟೇಬಲ್ ಮಾಡುವ ಮುಂಚೆ ಕೇಳಬೇಕಾದ ಪ್ರಶ್ನೆ, ‘ಇದರ ಒಂದು ಸಾಲು ಎಂದರೆ ಏನು?’ ಈ ಉತ್ತರ ಕಂಪ್ಯೂಟರಿನಲ್ಲಿ ಸಿಗುವುದಿಲ್ಲ. ಆ ವ್ಯವಹಾರ ಬಲ್ಲವರಲ್ಲಿ ಸಿಗುತ್ತದೆ.

ಕೊನೆಗೆ ಮೂರು ಟೇಬಲ್ ಆದವು.

ಮನೆ: ಮನೆ ಸಂಖ್ಯೆ, ಯಜಮಾನರ ಹೆಸರು, ಊರು, ಗುರುತು, ಮೊಬೈಲ್.
ಕಾರ್ಯ: ಕಾರ್ಯ ಸಂಖ್ಯೆ, ಏನು, ಯಾರ ಮನೆಯಲ್ಲಿ, ದಿನಾಂಕ.
ಮುಯ್ಯಿ: ಮುಯ್ಯಿ ಸಂಖ್ಯೆ, ಮನೆ ಸಂಖ್ಯೆ, ಕಾರ್ಯ ಸಂಖ್ಯೆ, ಬಂದದ್ದೋ ಕೊಟ್ಟದ್ದೋ, ಮೊತ್ತ, ವಸ್ತು.

ಪ್ರತಿ ಟೇಬಲ್ಲಿನ ಮೊದಲ ಕಲಮಿನ ಪಕ್ಕದಲ್ಲಿ ಒಂದು ಕೀಲಿಕೈ ಚಿತ್ರವಿದೆ. ಅದೇ ಪ್ರೈಮರಿ ಕೀ. ಒಂದು ಸಂಖ್ಯೆ ಎರಡು ಸಾಲಿಗೆ ಬರುವಂತಿಲ್ಲ, ಖಾಲಿ ಇರುವಂತೆಯೂ ಇಲ್ಲ. ಮುಯ್ಯಿ ಟೇಬಲ್ಲಿನಲ್ಲಿ ಹೆಸರೇ ಇಲ್ಲ ನೋಡಿ. ‘ಮನೆ 41, ಕಾರ್ಯ 2, ಬಂದದ್ದು, 51’ ಎಂದಷ್ಟೇ ಇರುತ್ತದೆ. 41 ಯಾರು ಎಂದು ಬೇಕಾದರೆ ಮನೆ ಟೇಬಲ್ಲಿಗೆ ಹೋಗಬೇಕು. ಬೇರೆ ಟೇಬಲ್ಲಿನ ಕೀಲಿ ಇಲ್ಲಿಗೆ ನೆಂಟನಾಗಿ ಬಂದಿದೆ. ಇದಕ್ಕೆ ಫಾರಿನ್ ಕೀ ಎನ್ನುತ್ತಾರೆ. ಮೊಬೈಲ್ ಬದಲಾದರೆ ಒಂದೇ ಕಡೆ ತಿದ್ದಿದರೆ ಸಾಕು. ಒಂದು ಸಂಗತಿ, ಒಂದೇ ಜಾಗ.

ನಮ್ಮ ರೈತರಿಗೆ ಇದು ಹೊಸದಲ್ಲ. ಸರ್ವೆ ನಂಬರ್ 45 ಎಂಬ ಹೊಲ ಎಷ್ಟೋ ಊರುಗಳಲ್ಲಿದೆ. ಊರು, ಸರ್ವೆ ನಂಬರ್, ಹಿಸ್ಸಾ ಮೂರೂ ಕೂಡಿದರೆ ಮಾತ್ರ ಅದು ಇಂಥದೇ ಹೊಲ ಎಂದಾಗುತ್ತದೆ. ಹೀಗೆ ಕೆಲವು ಕಲಮುಗಳು ಕೂಡಿಯೂ ಒಂದು ಕೀಲಿ ಆಗಬಹುದು. ಕರ್ನಾಟಕ ಸರ್ಕಾರ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿಸಿತು. ನಾವು ಉತಾರ ಎಂದು ಕರೆಯುವ ಆ ಕಾಗದ ಈಗ ಡೇಟಾಬೇಸಿನಿಂದ ಮುದ್ರಣವಾಗಿ ಬರುತ್ತದೆ. ಅಲ್ಲಿ ಕೀಲಿ ತಪ್ಪಿದರೆ ಒಬ್ಬನ ಹೊಲ ಇನ್ನೊಬ್ಬನ ಹೆಸರಿಗೆ. ನಮ್ಮ 51 ರೂಪಾಯಿಯ ಮುಯ್ಯಿ ಅದರ ಮುಂದೆ ಎಷ್ಟರದು?

ತುಂಬುವ ಕೆಲಸ ಶುರುವಾಯಿತು. ಟೇಬಲ್ ನಡೆಸಲು ಮುಖ್ಯವಾಗಿ ಬೇಕಾದ ಆಜ್ಞೆಗಳು ಐದು. ಕ್ರಿಯೇಟ್ ಎಂದರೆ ಟೇಬಲ್ ಕಟ್ಟುವುದು. ಇನ್ಸರ್ಟ್, ಸಾಲು ಸೇರಿಸುವುದು. ಸೆಲೆಕ್ಟ್, ಕೇಳಿ ನೋಡುವುದು. ಅಪ್‌ಡೇಟ್, ತಿದ್ದುವುದು. ಡಿಲೀಟ್, ತೆಗೆಯುವುದು. ಎಸ್‌ಕ್ಯೂಎಲ್ ಎಂಬ ಭಾಷೆಯಲ್ಲಿ ಇವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು. ಬೇಸ್‌ನಲ್ಲಿ ಮೌಸ್ ಹಿಡಿದೂ ಮಾಡಬಹುದು. ಕೊನೆಯ ಎರಡರ ಜೊತೆ ‘ವೇರ್’ ಎಂಬ ಪದವಿರಲೇಬೇಕು, ಅಂದರೆ ‘ಯಾವ ಸಾಲಿಗೆ’ ಎಂದು. ಅದನ್ನು ಮರೆತು ‘ಊರು ಗದಗ ಎಂದು ತಿದ್ದು’ ಎಂದರೆ ಇಡೀ ಬಳಗವನ್ನು ಒಂದೇ ಏಟಿಗೆ ಗದಗಿಗೆ ಕಳಿಸಿಬಿಡುತ್ತದೆ. ‘ಡ್ರಾಪ್’ ಎಂಬುದು ಇನ್ನೂ ಜೋರು. ಡಿಲೀಟ್ ಎಂದರೆ ಲೆಡ್ಜರಿನ ಸಾಲು ಹೊಡೆದುಹಾಕುವುದು. ಡ್ರಾಪ್ ಎಂದರೆ ಲೆಡ್ಜರನ್ನೇ ಒಲೆಗೆ ಹಾಕುವುದು. ಆದ್ದರಿಂದ ದಿನಾ ಸಂಜೆ ಒಂದು ನಕಲು ಪೆನ್‌ಡ್ರೈವಿಗೆ ಹಾಕಿಡಿ.

ಬೇಸ್‌ನ ‘ರಿಲೇಷನ್‌ಶಿಪ್ಸ್’ ಎಂಬಲ್ಲಿ ಟೇಬಲ್‌ಗಳ ನಡುವೆ ಗೆರೆ ಎಳೆದು ನೆಂಟಸ್ತಿಕೆ ತೋರಿಸಿದೆವು. ಆಮೇಲೆ ಪರೀಕ್ಷೆಗೆಂದು ಮೊಮ್ಮಗಳು ಮನೆ 41ನ್ನು ಅಳಿಸಲು ನೋಡಿದಳು. ಕಂಪ್ಯೂಟರ್ ಒಪ್ಪಲಿಲ್ಲ. ಅದರ ಹೆಸರಿನಲ್ಲಿ ಮುಯ್ಯಿಯ ಸಾಲುಗಳಿವೆ, ಮನೆ ಅಳಿಸಿದರೆ ಅವು ಅನಾಥವಾಗುತ್ತವೆ. ಬ್ಯಾಂಕಿನಲ್ಲಿ ಬಾಕಿ ಇರುವ ಖಾತೆಯನ್ನು ಮುಚ್ಚಲು ಬಿಡುವುದಿಲ್ಲವಲ್ಲ, ಹಾಗೆ.

1976ರ ಪುಸ್ತಕದ ಅಂಚನ್ನು ಗೆದ್ದಲು ತಿಂದಿತ್ತು. ಕೆಲವರ ಮೊತ್ತ ಕಾಣುತ್ತಿರಲಿಲ್ಲ. ‘ಸೊನ್ನೆ ಹಾಕ್ಲೇನಜ್ಜಾ?’ ಎಂದಳು. ಬೇಡ, ಖಾಲಿ ಬಿಡು ಎಂದೆ. ಸೊನ್ನೆ ಬರೆದರೆ ಅವರು ಏನೂ ಕೊಡಲಿಲ್ಲ ಎಂದಾಗುತ್ತದೆ. ಖಾಲಿ ಬಿಟ್ಟರೆ ನಮಗೆ ಗೊತ್ತಿಲ್ಲ ಎಂದಾಗುತ್ತದೆ. ಮರೆವು ನಮ್ಮದು, ಅದನ್ನು ಅವರ ತಲೆಗೆ ಕಟ್ಟಬಾರದು. ಡೇಟಾಬೇಸಿನಲ್ಲಿ ಈ ಖಾಲಿಗೆ ‘ನಲ್’ ಎಂಬ ಹೆಸರೇ ಇದೆ.

ಎಲ್ಲಕ್ಕಿಂತ ಕಷ್ಟದ ಕೆಲಸ ಫಕ್ಕೀರಪ್ಪರದು. ಹತ್ತಿರದ ಒಂದೇ ಹಳ್ಳಿಯ ಒಂದೇ ಹೆಸರಿನ ಎಂಟು ದಾಖಲೆಗಳು ಮೂರು ಪುಸ್ತಕಗಳಲ್ಲಿದ್ದವು. ಒಂದು ಮನೆಯೋ, ಎರಡೋ? ನನಗೆ ಗೊತ್ತಾಗಲಿಲ್ಲ, ಯಂತ್ರಕ್ಕೂ ಗೊತ್ತಾಗಲಿಲ್ಲ. ನನ್ನಾಕೆ ಪಕ್ಕದಲ್ಲಿ ಕುಳಿತಳು. ‘ಇವರು ಅಗಸಿ ಹತ್ತಿರದವರು. ಹಿತ್ತಾಳಿ ತಂಬಗಿ ಕೊಟ್ಟಾರ ನೋಡು, ಅವರ ಮನ್ಯಾಗ ಅದೇ ರೂಢಿ. ಇವರು ಕೆರಿ ದಂಡಿಯವರು, ಹೊಲದ ನೆರಿಯವರು.’ ಒಂದೊಂದು ಸಾಲನ್ನೂ ಬಿಡಿಸಿ ಹೇಳಿದಳು. ಅಗಸೆಯವರು ಮನೆ 41, ಕೆರೆ ದಂಡೆಯವರು ಮನೆ 42. ಗುರುತಿನ ಕಲಮು ತುಂಬಿತು.

ಮೊಮ್ಮಗಳು ಕೊನೆಗೆ ಸೆಲೆಕ್ಟ್ ಬರೆದು ಮನೆವಾರು ಗುಂಪು ಮಾಡಿ ಕೇಳಿದಳು: ಎಷ್ಟು ಸಲ ಬಂದದ್ದು, ಎಷ್ಟು ಸಲ ಕೊಟ್ಟದ್ದು? ಪಟ್ಟಿ ಕೆಳಗಿಳಿಯುತ್ತ ಆ ಎರಡು ಸಾಲಿನಲ್ಲಿ ನಿಂತಿತು.

ಮನೆ 41: ಬಂದದ್ದು 3, ಕೊಟ್ಟದ್ದು 0.
ಮನೆ 42: ಬಂದದ್ದು 1, ಕೊಟ್ಟದ್ದು 4.

ನನ್ನ ಕೈ ತಣ್ಣಗಾಯಿತು. ಪುಸ್ತಕದಲ್ಲಿ ‘ಫಕ್ಕೀರಪ್ಪ’ ಎಂದು ನೋಡಿ ನೋಡಿ, 41ರ ಮುಯ್ಯಿಯನ್ನೆಲ್ಲ ನಾನು 42ಕ್ಕೇ ಮುಟ್ಟಿಸಿದ್ದೆ. ಒಟ್ಟು ಲೆಕ್ಕ ನೋಡಿದರೆ ಬಂದದ್ದು 4, ಕೊಟ್ಟದ್ದು 4, ತಾಳೆ! ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ದುಡಿದವನು, 1983ರ ತಪ್ಪನ್ನೇ ಮನೆಯಲ್ಲಿ ಕುಳಿತು ಮತ್ತೆ ಮಾಡಿದ್ದೆ. ಆ ಮನೆಯವರು ಕಳೆದ ಹದಿನೈದು ವರ್ಷದಿಂದ ನಮ್ಮನ್ನು ಯಾವ ಕಾರ್ಯಕ್ಕೂ ಕರೆದಿಲ್ಲ. ದೊಡ್ಡವರಾದರು, ಮರೆತರು ಎಂದುಕೊಂಡಿದ್ದೆ.

ಮರುದಿನ ನಾವು ಮೂವರೂ ಮೊದಲ ಪತ್ರಿಕೆ ಹಿಡಿದು ಬಸ್ಸು ಹತ್ತಿದೆವು. ಅಗಸೆಯ ಹತ್ತಿರದ ಮನೆ. ನನ್ನ ವಯಸ್ಸಿನ ಯಜಮಾನರು ಕಟ್ಟೆಯ ಮೇಲೆ ಕುಳಿತಿದ್ದರು. ನಡೆದದ್ದನ್ನು ನಡೆದಂತೆ ಹೇಳಿದೆ. ಅವರು ನಕ್ಕು, ‘ಯಾವ ಕಾಲದ ಮಾತ್ರೀ ಅದು. ನಮಗ ನೆನಪs ಇಲ್ಲ ಬಿಡ್ರಿ’ ಎಂದರು. ಒಳಗಿನಿಂದ ಅವರ ಮನೆಯವರ ಧ್ವನಿ ಬಂತು: ‘ನನಗ ನೆನಪೈತಿ.’

ಆಮೇಲೆ ಚಹಾ ಬಂತು. ಅವರ ಮೊಮ್ಮಗಳ ತೊಟ್ಟಿಲ ಕಾರ್ಯ ಬರುವ ತಿಂಗಳಿದೆಯಂತೆ. ‘ಬರ್ತೀರಲ್ರಿ?’ ಎಂದು ಆ ತಾಯಿ ಬಾಗಿಲಲ್ಲಿ ನಿಂತು ಕೇಳಿದರು. ಬಸ್ಸಿನಲ್ಲಿ ತಿರುಗಿ ಬರುವಾಗ ಮೊಮ್ಮಗಳು ನನ್ನ ಡೈರಿ ಇಸಿದುಕೊಂಡು ದಿನಾಂಕ ಬರೆದಿಟ್ಟಳು. ಪಕ್ಕದಲ್ಲಿ ಹೆಸರಲ್ಲ, ‘ಮನೆ 41’ ಎಂದು.

ಮಕ್ಕಳೇ, ಈ ವಾರದ ಕೆಲಸ. ನಿಮ್ಮ ಮನೆಯ ಮುಯ್ಯಿ ಪುಸ್ತಕವೋ ಫೋನ್ ನಂಬರ್ ಬರೆದ ಹಳೆಯ ಡೈರಿಯೋ ಹುಡುಕಿ. ಕಂಪ್ಯೂಟರ್ ಇಲ್ಲದಿದ್ದರೆ ನೋಟ್‌ಬುಕ್ಕಿನಲ್ಲೇ ಮೂರು ಟೇಬಲ್ ಗೆರೆ ಹಾಕಿ, ಸಂಖ್ಯೆ ಕೊಡಿ. ಅಜ್ಜ-ಅಜ್ಜಿಯರೇ, ನಿಮ್ಮ ಕೆಲಸ ಗುರುತಿನ ಕಲಮು. ಯಾರು ಅಗಸೆಯವರು, ಯಾರು ಕೆರೆ ದಂಡೆಯವರು ಎಂಬುದು ನಿಮ್ಮ ತಲೆಯಲ್ಲಿ ಮಾತ್ರ ಇದೆ. ನೆನಪಿರುವಾಗಲೇ ಬರೆಸಿಬಿಡಿ. ಹಳೆಯ ಪುಸ್ತಕ ಮಾತ್ರ ರದ್ದಿಗೆ ಹಾಕಬೇಡಿ. ನಮ್ಮವು ಮತ್ತೆ ಟ್ರಂಕ್ ಸೇರಿವೆ, ಈ ಸಲ ಬೇವಿನ ಎಲೆಯ ಜೊತೆಗೆ.